ಗೂಡು ಬೆಂದದ್ದು ಹೇಳುವ ಕೈ

ಹೋದ ತಿಂಗಳು ಹನೂರಿನ ಕಡೆ ಒಂದು ಮದುವೆಗೆ ಹೋಗುವಾಗ ಕೊಳ್ಳೇಗಾಲದಲ್ಲಿ ಬಸ್ಸು ಸ್ವಲ್ಪ ಹೊತ್ತು ನಿಂತಿತ್ತು. ಹತ್ತಿರದ ಯಾವುದೋ ಬೀದಿಯಲ್ಲಿ ರೇಷ್ಮೆಗೂಡು ಬೇಯಿಸುತ್ತಿದ್ದರು. ಬೆಂದ ಹುಳದ ಕಮಟು, ಸೌದೆಯ ಹೊಗೆ, ಒದ್ದೆ ನೆಲದ ತೇವ ಎಲ್ಲ ಕಲಸಿಕೊಂಡು ಕಿಟಕಿಯಿಂದ ಒಳಗೆ ಬಂತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡರು. ನಾನು ಮುಚ್ಚಿಕೊಳ್ಳಲಿಲ್ಲ. ಆ ವಾಸನೆಯಲ್ಲಿ ನಾನು ಸರಿಯಾಗಿ ಒಂದು ವರ್ಷ ಬದುಕಿದ್ದೆ. ಬಟ್ಟೆಗೆ, ಹಾಸಿಗೆಗೆ, ಬರೆದ ಕಾಗದಕ್ಕೆ ಕೂಡ ಅದು ಹತ್ತಿಕೊಂಡಿತ್ತು.

ಆಗ ಕೊಳ್ಳೇಗಾಲ ಮದ್ರಾಸಿಗೆ ಸೇರಿತ್ತು. ಹತ್ತು ಮೈಲಿ ಆಚೆಗಿರುವ ಯಳಂದೂರು ಮೈಸೂರಿನದು. ನಾನು ಯಳಂದೂರು ಪಕ್ಕದ ಹೊನ್ನೂರಿನವನು. ಹೈಸ್ಕೂಲು ಮುಗಿಯುವ ಮೊದಲೇ ಅಪ್ಪ, ಅವ್ವ ಇಬ್ಬರೂ ತೀರಿಕೊಂಡಿದ್ದರು. ಮಠದ ಹಾಸ್ಟೆಲಿನಲ್ಲಿ ಉಂಡು ಎಂಜಿನಿಯರಿಂಗ್ ಮುಗಿಸಿದೆ. ಮೊದಲು ಸಿಕ್ಕ ಕೆಲಸ ಕೊಳ್ಳೇಗಾಲದ ಒಂದು ಫಿಲೇಚರಿನಲ್ಲಿ, ಅಂದರೆ ಗೂಡಿನಿಂದ ನೂಲು ತೆಗೆಯುವ ಕಾರ್ಖಾನೆಯಲ್ಲಿ. ಬಾಯ್ಲರು, ಪೈಪು, ನೂಲು ಸುತ್ತುವ ಯಂತ್ರಗಳನ್ನು ನೋಡಿಕೊಳ್ಳುವುದು ನನ್ನ ಪಾಲಿನದು.

ಆಷಾಢದ ಗಾಳಿ ಬೀಸುವಾಗ ಬಂದೆ. ದೊಡ್ಡ ಬೀದಿಯ ಹಿಂದೆ ಒಂದು ಕೋಣೆ ಬಾಡಿಗೆಗೆ ಸಿಕ್ಕಿತು. ಕಚೇರಿಯಲ್ಲಿ ಮೇಲಿನವರೆಲ್ಲ ತಮಿಳಿನವರು. ಒಳ್ಳೆಯವರೇ, ಆದರೆ ಅವರು ನಗುತ್ತಿದ್ದದ್ದು ಯಾವುದಕ್ಕೆ ಎಂದು ನನಗೆ ತಿಳಿಯುತ್ತಿರಲಿಲ್ಲ. ಕೆಲಸಗಾರರು ನನ್ನನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ಖಾನಾವಳಿಯಲ್ಲಿ ಉಂಡು, ಕೆರೆ ಏರಿಯ ಮೇಲೆ ಒಬ್ಬನೇ ನಡೆದು, ಬಿಳಿಗಿರಿರಂಗನ ಬೆಟ್ಟದ ಮೇಲೆ ಮೋಡ ಕೂರುವುದನ್ನು ನೋಡಿ ಕೋಣೆಗೆ ಬರುತ್ತಿದ್ದೆ. ಭಾನುವಾರ ಒಂದು ಮಾತೂ ಆಡದೆ ದಿನ ಕಳೆದು, ಸೋಮವಾರ ಬೆಳಿಗ್ಗೆ ಬಾಯಿ ತೆರೆದರೆ ದನಿ ಒಡೆದು ಬರುತ್ತಿತ್ತು.

ಆ ದಿನಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದೇ ಒಂದು ಆಸೆ. ಕಾಲೇಜಿನ ಕೊನೆಯ ವರ್ಷ ಒಂದು ಪಂಪಿನ ಲೆಕ್ಕ ತಾಳೆಯಾಗಲಿಲ್ಲವೆಂದು, ಏಕೆ ಆಗಲಿಲ್ಲ ಎಂದು ಹುಡುಕುತ್ತ ಮೂರು ದಿನ ಊಟದ ಗಂಟೆ ಮರೆತಿದ್ದೆ. ಅಂಥ ಹುಡುಕಾಟವನ್ನೇ ಕೆಲಸವಾಗಿ ಮಾಡುವವರು ಇದ್ದಾರೆ, ಅದಕ್ಕೆ ಡಾಕ್ಟರೇಟ್ ಎನ್ನುವ ಪದವಿಯೂ ಇದೆ ಎಂದು ಆಮೇಲೆ ತಿಳಿಯಿತು. ಎಂಜಿನಿಯರಿಂಗ್ ಓದಿದವನಿಗೆ ಅದನ್ನು ಎಲ್ಲಿ ಕೊಡುತ್ತಾರೆ, ಯಾರನ್ನು ಕೇಳಬೇಕು ಎನ್ನುವುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಪೇಟೆಯ ವಾಚನಾಲಯಕ್ಕೆ ಎರಡು ದಿನ ತಡವಾಗಿ ಬರುವ ಇಂಗ್ಲಿಷ್ ಪತ್ರಿಕೆಯಲ್ಲಿ ಪ್ರಕಟಣೆಗಳನ್ನು ಹುಡುಕುತ್ತಿದ್ದೆ. ಹಾಸ್ಟೆಲಿನಲ್ಲಿದ್ದಾಗ ವಿಶ್ವವಿದ್ಯಾಲಯದ ಒಂದು ಹಳೆಯ ಕ್ಯಾಲೆಂಡರ್ ಪುಸ್ತಕದಿಂದ ಬರೆದುಕೊಂಡಿದ್ದ ವಿಳಾಸಗಳಿಗೆ ಒಂದೊಂದಾಗಿ ಕಾಗದ ಹಾಕಿದೆ.

ಮನೆಯ ಯಜಮಾನ ಒಂದು ದಿನ ಕೇಳಿದ. "ಅಷ್ಟೊಂದು ಕಾಗ್ದ ಯಾರ್ಗೆ ಬರೀತೀರಿ ಸಾ? ಎಣ್ ನೋಡ್ತಾವ್ರಾ?"

"ಇಲ್ಲ, ಇನ್ನೂ ಓದಬೇಕು ಅಂತ."

"ಓದಿದ್ದು ಸಾಕಾಗ್ನಿಲ್ವಾ?" ಎಂದು ಅವನು ಅಯ್ಯೋ ಪಾಪ ಎನ್ನುವ ಹಾಗೆ ನನ್ನನ್ನು ನೋಡಿದ.

ಉತ್ತರಗಳು ಒಂದೊಂದೇ ಬಂದವು. ಇಂಗ್ಲೆಂಡಿನಿಂದ ಒಂದು ಅಚ್ಚಾದ ಹಾಳೆ, ಕೆಳಗೆ ಯಾರ ಸಹಿಯೂ ಇಲ್ಲ. ಮದ್ರಾಸಿನಿಂದ, ನಮ್ಮಲ್ಲಿ ಮಾರ್ಗದರ್ಶನ ಕೊಡುವವರು ಇಲ್ಲ ಎಂದು. ಇನ್ನೊಂದು ಕಡೆಯಿಂದ ನನ್ನ ಕಾಗದವೇ ತಿರುಗಿ ಬಂತು. ಬೆಂಗಳೂರಿನ ಒಂದು ಸಂಸ್ಥೆಯ ಪ್ರೊಫೆಸರು ಮಾತ್ರ ಕೈಯಾರೆ ಬರೆದಿದ್ದರು. ಇಂಗ್ಲಿಷಿನಲ್ಲಿದ್ದ ಆ ನಾಲ್ಕು ಸಾಲಿನ ತಾತ್ಪರ್ಯ ಇಷ್ಟು: "ನೀವು ಏನಾಗಬೇಕು ಅನ್ನುವುದು ನಿಮ್ಮ ಪತ್ರದಲ್ಲಿದೆ. ನಿಮಗೆ ಏನು ತಿಳಿಯಬೇಕಾಗಿದೆ ಅನ್ನುವುದು ಇಲ್ಲ. ಅದು ಗೊತ್ತಾದ ಮೇಲೆ ಬರೆಯಿರಿ."

ಮುಖಕ್ಕೆ ಹೊಡೆದ ಹಾಗಾಯಿತು. ಒಂದು ವಾರ ಆ ಕಾಗದ ಮುಟ್ಟಲಿಲ್ಲ. ನನಗೆ ಏನು ತಿಳಿಯಬೇಕಾಗಿತ್ತು? ಯೋಚಿಸಿದರೆ ಏನೂ ಹೊಳೆಯಲಿಲ್ಲ.

ಹೊಳೆಸಿದವರು ಆರೋಗ್ಯಮ್ಮ. ಹನೂರಿನಾಚೆ ಕಾಡಿನ ಕಡೆಯ ಮಾರ್ಟಳ್ಳಿಯವರು, ತಮಿಳಿನ ಕ್ರೈಸ್ತರು, ಗಂಡ ಸತ್ತ ಮೇಲೆ ಕೊಳ್ಳೇಗಾಲಕ್ಕೆ ಬಂದು ನೂಲು ತೆಗೆಯುತ್ತಿದ್ದರು. ನಲವತ್ತು ದಾಟಿದ ಗಟ್ಟಿ ಹೆಂಗಸು. ಬೆರಳ ತುದಿಗಳು ಬೇಯಿಸಿದ ಗೆಣಸಿನ ಹಾಗೆ ಬಿಳಿಚಿ ಸುಕ್ಕಾಗಿದ್ದವು. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿದರೆ ಅದರ ಅಂಟು ಕರಗಿ ಎಳೆ ಬಿಟ್ಟುಕೊಳ್ಳುತ್ತದೆ. ಕಮ್ಮಿ ಬೆಂದರೆ ಎಳೆ ಹರಿಯುತ್ತದೆ, ಹೆಚ್ಚು ಬೆಂದರೆ ಗೋಜಾಗುತ್ತದೆ. ಎಷ್ಟು ಹೊತ್ತು ಬೇಯಿಸಬೇಕು ಎಂದು ಮ್ಯಾನೇಜರು ಗೋಡೆಗೆ ಒಂದು ಗಡಿಯಾರ ಹಾಕಿಸಿ ಗೊತ್ತು ಮಾಡಿದ್ದರು. ಒಂದು ಬೆಳಿಗ್ಗೆ ಎಳೆ ಪದೇ ಪದೇ ಹರಿಯುತ್ತಿತ್ತು. ಯಂತ್ರದ ತಪ್ಪೆಂದು ನನ್ನನ್ನು ಕರೆಸಿದರು. ನಾನು ಬಗ್ಗಿ ಚಕ್ರ ನೋಡುತ್ತಿದ್ದಾಗ ಆಕೆ ತಲೆ ಎತ್ತದೆ ಹೇಳಿದರು.

"ಚಕ್ರದಲ್ಲಿ ಏನೂ ಇಲ್ಲ ಸಾ. ಗೂಡೇನು ಗಡಿಯಾರ ನೋಡ್ಕಂಡು ಬೇಯ್ತದಾ? ಮಳೆನೀರ್ಗೆ ಒಂತರ, ಬಾವಿನೀರ್ಗೆ ಒಂತರ. ಕೈ ಇಟ್ರೆ ಗೊತ್ತಾಯ್ತದೆ."

"ಏನು ಗೊತ್ತಾಗುತ್ತೆ?"

"ಬೆಂದದೆ, ಬೆಂದಿಲ್ಲ ಅಂತ. ಇನ್ನೇನು?"

ಕೋಣೆಗೆ ಹೋದರೂ ಆ ಮಾತು ತಲೆಯಿಂದ ಇಳಿಯಲಿಲ್ಲ. ನೀರು ಬದಲಾದರೆ ಗೂಡು ಬೇಯುವುದು ಏಕೆ ಬದಲಾಗಬೇಕು? ನೀರಿನಲ್ಲಿ ಇರುವುದಾದರೂ ಏನು? ನನಗೆ ತಿಳಿಯಬೇಕಾಗಿದ್ದು ಅದು.

ಹಿಂಗಾರು ಮಳೆ ಹಿಡಿಯಿತು. ಮ್ಯಾನೇಜರನ್ನು ಕಾಡಿ ಬೇಡಿ, ಮಧ್ಯಾಹ್ನದ ಊಟದ ಬಿಡುವಿನಲ್ಲಿ ಒಂದು ಬೇಸಿನ್, ಅಂದರೆ ಗೂಡು ಬೇಯಿಸುವ ತೊಟ್ಟಿ, ಉಪಯೋಗಿಸಲು ಅಪ್ಪಣೆ ಪಡೆದೆ. ರಜೆಯ ದಿನ ಲೊಕ್ಕನಹಳ್ಳಿ ಕಡೆ ಹೋಗಿ, ಕಾಡಂಚಿನಲ್ಲಿ ಮಳೆಯಾಶ್ರಯದಲ್ಲಿ ಬೆಳೆದ ಹಿಪ್ಪುನೇರಳೆ ಸೊಪ್ಪು ತಿಂದ ಹುಳದ ಗೂಡು ತಂದೆ. ಯಳಂದೂರಿನ ಕಡೆಯಿಂದ ನಾಲೆ ನೀರಿನ ಸೊಪ್ಪಿನ ಗೂಡು ತಂದೆ. ಸೂರಿನ ಕೆಳಗೆ ಹಂಡೆ ಇಟ್ಟು ಮಳೆನೀರು ಹಿಡಿದೆ. ಕೆರೆನೀರು, ಫಿಲೇಚರಿನ ಬಾವಿನೀರು ಬೇರೆ ಬೇರೆ ಕೊಡದಲ್ಲಿ. ನಾನು ಥರ್ಮಾಮೀಟರ್ ಹಿಡಿದು ಕೂರುತ್ತಿದ್ದೆ. ಆರೋಗ್ಯಮ್ಮ ಗಡಿಯಾರಕ್ಕೆ ಬೆನ್ನು ಮಾಡಿ, ಯಾವ ನೀರೆಂದು ತಿಳಿಯದೆ, ಬಿಸಿಗೆ ಬೆರಳು ಹಾಕಿ ಗೂಡು ಒತ್ತಿ "ಊಂ, ಈಗ" ಎನ್ನುತ್ತಿದ್ದರು. ನಾನು ಹೊತ್ತು ಬರೆದುಕೊಳ್ಳುತ್ತಿದ್ದೆ. ಆ ಅಂಕಣದ ತಲೆಗೆ "ಆ" ಎಂದು ಒಂದಕ್ಷರ ಹಾಕಿದ್ದೆ, ಆರೋಗ್ಯಮ್ಮನ ಆ.

ಒಂದೇ ತರದ ಗೂಡು, ಒಂದೇ ಬಿಸಿ. ಮಳೆನೀರಿನಲ್ಲಿ ಬೇಗ "ಈಗ" ಅನ್ನುವರು, ಬಾವಿನೀರಿನಲ್ಲಿ ತಡವಾಗಿ. ಹೊರಗೆ ಮಳೆ ಸುರಿದು ಬಾವಿಗೆ ಹೊಸನೀರು ಬಂದ ಮೇಲೆ ಬಾವಿನೀರಿನ ಹೊತ್ತೂ ಇಳಿಯಿತು. ಅವರ ಮಾತಿನ ಪ್ರಕಾರ ತೆಗೆದ ಗೂಡಿನ ಎಳೆ ಹರಿಯುತ್ತಲೇ ಇರಲಿಲ್ಲ. ಆ ಎರಡು ತಿಂಗಳು ನಾನು ಕೊಳ್ಳೇಗಾಲದಲ್ಲಿ ಒಂಟಿ ಎಂಬುದನ್ನು ಮರೆತಿದ್ದೆ. ಆಕೆ ತಮ್ಮ ಬುತ್ತಿಯ ಮುದ್ದೆಯಲ್ಲಿ ಅರ್ಧ ನನಗೆ ಮುರಿದು ಕೊಡುತ್ತಿದ್ದರು.

"ಈ ಲೆಕ್ಕ ಎಲ್ಲ ಯಾರ್ಗೆ ಸಾ?"

"ಬೆಂಗಳೂರಿನ ಒಬ್ಬ ದೊಡ್ಡ ಮೇಷ್ಟ್ರಿಗೆ. ಒಪ್ಪಿದರೆ ಅಲ್ಲಿಗೆ ಹೋಗಿ ಇದನ್ನೇ ಓದ್ತೀನಿ."

"ಓಗಿ, ಓಗಿ. ನೀವೂ ಈ ನಾತದಲ್ಲೇ ಯಾಕೆ ಇರಬೇಕು?"

ಪ್ರೊಫೆಸರಿಗೆ ಮತ್ತೆ ಬರೆದೆ. ಈ ಸಲ ನನ್ನ ಬಗ್ಗೆ ಎರಡೇ ಸಾಲು, ನೀರಿನ ಬಗ್ಗೆ ಮೂರು ಹಾಳೆ. ನೋಟ್‌ಬುಕ್ಕು ತೆಗೆದುಕೊಂಡು ಸಂದರ್ಶನಕ್ಕೆ ಬನ್ನಿ ಎಂದು ಉತ್ತರ ಬಂತು. ಒಂದು ಚೀಲ ಗೂಡನ್ನೂ ಜೊತೆಗಿಟ್ಟುಕೊಂಡು, ಶಿವನಸಮುದ್ರದ ಹಳೆ ಸೇತುವೆ ದಾಟಿ, ಮದ್ದೂರಿನಲ್ಲಿ ರೈಲು ಹಿಡಿದು ಬೆಂಗಳೂರಿಗೆ ಹೋದೆ.

ಎತ್ತರದ ಚಾವಣಿಯ ಕೋಣೆ. ಪ್ರೊಫೆಸರು, ಅವರ ಪಕ್ಕದಲ್ಲಿ ಇನ್ನಿಬ್ಬರು. ಪ್ರೊಫೆಸರು ಸಣ್ಣ ಆಳು, ಮಾತು ಕಮ್ಮಿ. ಹಾಳೆ ಹಾಳೆಯಾಗಿ ನೋಟ್‌ಬುಕ್ಕು ನೋಡಿದರು. ಬೆರಳು ಒಂದು ಕಡೆ ನಿಂತಿತು.

"ಈ 'ಆ' ಅಂದರೇನು?"

ನಾನು ಉತ್ತರ ಹೇಳಬೇಕಿತ್ತು. ಆದರೆ ಆ ಮೂವರ ಕೋಟು, ಗಾಜಿನ ಬೀರು, ಗೋಡೆಯ ಮೇಲಿನ ದೊಡ್ಡವರ ಪಟ ನೋಡಿ, ಒಬ್ಬ ಕೂಲಿ ಹೆಂಗಸಿನ ಬೆರಳು ಎಂದು ಹೇಳಲು ನಾಲಿಗೆ ಬರಲಿಲ್ಲ. "ಗೂಡು ಬೆಂದ ಹೊತ್ತು ಸರ್. ಮುಟ್ಟಿ ನೋಡಿ ಮಾಡಿದ ಅಂದಾಜು."

"ಯಾರು ಮಾಡಿದ್ದು?"

"ನಾನೇ."

ಅವರು ತಲೆಯಾಡಿಸಿ ಎದ್ದು, ಬದಿಯ ಮೇಜಿನ ಮೇಲೆ ಬರ್ನರ್ ಹಚ್ಚಿ ಬೀಕರಿನಲ್ಲಿ ನೀರಿಟ್ಟರು. ನನ್ನ ಚೀಲದಿಂದ ನಾಲ್ಕು ಗೂಡು ತೆಗೆದು ಹಾಕಿದರು. "ಬೆಂದಾಗ ಹೇಳಿ."

ಕೈ ಹಾಕಿದೆ. ಬೆರಳು ಸುಟ್ಟು ತಾನಾಗಿ ಹಿಂದಕ್ಕೆ ಬಂತು. ಇನ್ನೊಮ್ಮೆ ಹಾಕಿದೆ. ಉರಿ ಬಿಟ್ಟು ಬೇರೇನೂ ತಿಳಿಯಲಿಲ್ಲ. ಸುಮ್ಮನೆ "ಈಗ" ಎಂದೆ. ಪ್ರೊಫೆಸರು ಇಕ್ಕಳದಿಂದ ಗೂಡು ತೆಗೆದು ಎಳೆ ಹಿಡಿದರು. ಒಂದು ಗೇಣು ಬಂದು ಹರಿಯಿತು. ಇನ್ನೊಂದೂ ಹರಿಯಿತು. ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

ಆಗ ನಿಜ ಹೇಳಿದೆ. ಅವರು ಕೇಳಿಸಿಕೊಂಡು ನೋಟ್‌ಬುಕ್ಕು ಮುಚ್ಚಿ ನನ್ನ ಕೈಗೆ ಕೊಟ್ಟರು. "ಕೆಲಸ ಚೆನ್ನಾಗಿದೆ. ಇದು ಯಾರ ಕೈಯಿಂದ ಆಯಿತೋ ಅವರ ಹೆಸರು ಪ್ರತಿ ಹಾಳೆಯಲ್ಲೂ ಬರೆದು ಕಳಿಸಿ. ಆಮೇಲೆ ನೋಡೋಣ."

ಕೊಳ್ಳೇಗಾಲಕ್ಕೆ ಬಂದ ಮಾರನೆಯ ದಿನ ಊಟದ ಬಿಡುವಿನಲ್ಲಿ ಆರೋಗ್ಯಮ್ಮನಿಗೆ ಎಲ್ಲ ಹೇಳಿಬಿಟ್ಟೆ. ಹೇಳದೆ ಇರಬಹುದಿತ್ತು, ಅವರಿಗೆ ಬೇರೆ ಯಾರಿಂದಲೂ ತಿಳಿಯುತ್ತಿರಲಿಲ್ಲ. ಹೇಳಿದರೆ ನಗುತ್ತಾರೆ, ನನಗೂ ಹಗುರಾಗುತ್ತದೆ ಎಂದುಕೊಂಡಿದ್ದೆ. ಅವರು ಮುದ್ದೆ ಮುರಿಯುತ್ತಿದ್ದವರು ನಿಲ್ಲಿಸಿದರು.

"ನನ್ನ ಕೈಯ ನಿಮ್ದು ಅಂದ್ರಾ ಸಾ?"

"ತಪ್ಪಾಯ್ತು."

"ಬೆಂದಿದ್ದು ನಂದು," ಎಂದರು. ಬುತ್ತಿ ಕಟ್ಟಿಕೊಂಡು ಎದ್ದು ಹೋದರು.

ಅವತ್ತಿನಿಂದ ಬೇಸಿನ್ ಹತ್ತಿರ ಹೋದರೆ "ಸರಿ ಸಾ", "ಆಗ್ಲಿ ಸಾ", ಅಷ್ಟೇ. ನೋಟ್‌ಬುಕ್ಕಿನ ಹಾಳೆ ಹಾಳೆಯಲ್ಲೂ "ಆ" ಮುಂದೆ ಪೂರ್ತಿ ಹೆಸರು ಬರೆದು ಬೆಂಗಳೂರಿಗೆ ಕಳಿಸಿದೆ. ಅದನ್ನು ಅವರಿಗೆ ಹೇಳುವ ಧೈರ್ಯವೂ ಇರಲಿಲ್ಲ. ಚಳಿ ಬಿತ್ತು. ಬೆಳಿಗ್ಗೆ ಬೆಟ್ಟದ ಕಡೆಯಿಂದ ಮಂಜು ಇಳಿದು ಬೀದಿ ಕಾಣುತ್ತಿರಲಿಲ್ಲ. ಒಂಟಿತನ ಮೊದಲೂ ಇತ್ತು, ಆದರೆ ಮೊದಲಿನದು ಊರು ಕೊಟ್ಟದ್ದು. ಇದು ನಾನೇ ಮಾಡಿಕೊಂಡದ್ದು. ಎರಡಕ್ಕೂ ಬಹಳ ವ್ಯತ್ಯಾಸವಿದೆ.

ಕ್ರಿಸ್ಮಸ್ಸಿಗೆ ಊರಿಗೆ ಹೋದ ಆರೋಗ್ಯಮ್ಮ ತಿರುಗಿ ಬರಲಿಲ್ಲ. ಕೈ ಕೀವಾಗಿ ಬೆರಳು ಮಡಿಸಲು ಆಗುತ್ತಿಲ್ಲವಂತೆ ಎಂದು ಜೊತೆಯ ಹೆಂಗಸರು ಹೇಳಿದರು. ಅವರ ಜಾಗಕ್ಕೆ ಬೇರೆಯವರು ಬಂದರು.

ಸಂಕ್ರಾಂತಿ ಕಳೆದ ಮೇಲೆ ಪ್ರೊಫೆಸರ ಕಾಗದ ಬಂತು. ಜುಲೈಗೆ ಒಂದು ಜಾಗ ಇದೆ, ಬೇಸಿಗೆಯ ಬಾವಿನೀರಿನ ಅಳತೆಯನ್ನೂ ಸೇರಿಸಿ ತಂದರೆ ತೆಗೆದುಕೊಳ್ಳುತ್ತೇನೆ, ವಿದ್ಯಾರ್ಥಿವೇತನಕ್ಕೆ ಯಾವ ರಾಜ್ಯದವರೆಂದು ಪ್ರಮಾಣಪತ್ರ ಬೇಕು ಎಂದಿದ್ದರು. ಕೊಳ್ಳೇಗಾಲದ ಕಚೇರಿಯಲ್ಲಿ ಗುಮಾಸ್ತ "ನೀವು ಹುಟ್ಟಿದ್ದು ಮೈಸೂರಿನಲ್ಲಿ, ನಾವೇನು ಬರೆಯೋದು?" ಎಂದ. ಯಳಂದೂರಿಗೆ ಹೋದರೆ "ಕೆಲಸ ಮದ್ರಾಸ್ ಕಡೆ ಅಂತೀರಿ, ಮನೆಯೂ ಇಲ್ಲ, ಜಮೀನೂ ಇಲ್ಲ" ಎಂದು ತಲೆ ಕೆರೆದುಕೊಂಡರು. ಕಡೆಗೆ ಹೊನ್ನೂರಿನ ಶಾನುಭೋಗರು ಹಳೆಯ ದಫ್ತರು ತೆಗೆದು ಅಪ್ಪನ ಹೆಸರು ಹುಡುಕಿದರು. "ಇಗಾ, ಇಲ್ಲಿ ಅವ್ರಲ್ಲಾ ನಿಮ್ಮಪ್ಪ" ಎಂದು ತೋರಿಸಿದರು. ಧೂಳು ಹಿಡಿದ ಆ ಹಾಳೆಯಲ್ಲಿ ಅಪ್ಪನನ್ನು ನೋಡಿ ಕಣ್ಣು ತುಂಬಿಬಂತು. ಪ್ರಮಾಣಪತ್ರವೇನೋ ಆಯಿತು.

ಉಳಿದದ್ದು ಬೇಸಿಗೆಯ ಅಳತೆ. ಬೇರೆ ಹೆಂಗಸರನ್ನು ಕೂರಿಸಿ ನೋಡಿದೆ. ಒಬ್ಬೊಬ್ಬರದು ಒಂದೊಂದು ಹೊತ್ತು, ತಾಳೆಯೇ ಇಲ್ಲ. ಶಿವರಾತ್ರಿ ಕಳೆದು ಬಿಸಿಲು ಏರಿತು. ಬಾವಿ ತಳ ಕಂಡಿತು. ಒಂದು ವಾರ ರಜೆ ಹಾಕಿದೆ. ಒಂದು ಚೀಲ ಗೂಡು, ತಗಡಿನ ಡಬ್ಬದಲ್ಲಿ ಫಿಲೇಚರಿನ ಬಾವಿನೀರು ತುಂಬಿಕೊಂಡು ಮಾರ್ಟಳ್ಳಿಗೆ ಹೊರಟೆ. ಹನೂರಿನ ತನಕ ಬಸ್ಸು, ಕೌದಳ್ಳಿ ತನಕ ಎತ್ತಿನ ಗಾಡಿ, ಅಲ್ಲಿಂದ ನಡಿಗೆ. ಎಲೆ ಉದುರಿದ ಕಾಡು, ಕಾಲಡಿಯಲ್ಲಿ ಕಾದ ಕಲ್ಲು. ದಾರಿಯಲ್ಲಿ ದನ ಹೊಡೆದುಕೊಂಡು ಹೋಗುತ್ತಿದ್ದ ಮುದುಕನೊಬ್ಬ ಡಬ್ಬ ನೋಡಿ ಕೇಳಿದ. "ಎಣ್ಣೆಯಾ ಸಾಮಿ?"

"ನೀರು."

"ನೀರ್ ಒತ್ಕಂಡು ಇಷ್ಟ್ ದೂರ ಬಂದ್ರಾ?" ಎಂದು ನಿಂತು ನಿಂತು ನಕ್ಕ.

ಆರೋಗ್ಯಮ್ಮ ಅಣ್ಣನ ಮನೆಯ ಜಗುಲಿಯ ಮೇಲೆ ಕೂತಿದ್ದರು. ಎರಡೂ ಕೈಗೆ ಬಟ್ಟೆ ಸುತ್ತಿತ್ತು. ನನ್ನನ್ನು ನೋಡಿ ಏಳಲಿಲ್ಲ, ಬೈಯಲೂ ಇಲ್ಲ. ಕುಡಿಯಲು ಮಜ್ಜಿಗೆ ಕೊಡಿಸಿದರು. ನಾನು ಚೀಲ, ಡಬ್ಬ ಕೆಳಗಿಟ್ಟು, ನೋಟ್‌ಬುಕ್ಕಿನ ಪ್ರತಿ ತೆಗೆದು ಅವರ ಹೆಸರು ಬರೆದ ಕಡೆಯಿಂದ ಓದಿದೆ. ಆರೋಗ್ಯಮ್ಮ, ಮಳೆನೀರು, ಇಷ್ಟು ಹೊತ್ತು. ಆರೋಗ್ಯಮ್ಮ, ಕೆರೆನೀರು, ಇಷ್ಟು ಹೊತ್ತು. ಹಾಳೆ ಮಗುಚುತ್ತಲೇ ಇದ್ದೆ.

"ಅಷ್ಟ್ ಸಲ ನಾನು ಕೈ ಇಟ್ನಾ?" ಎಂದರು.

"ಇಟ್ರಿ."

"ಸಾಕು, ನಿಲ್ಸಿ." ಎರಡೂ ಕೈ ಎತ್ತಿ ತೋರಿಸಿದರು. "ಈಗ ಯಾಕ್ ಬಂದ್ರಿ? ಈ ಕೈಲಿ ಏನೂ ಆಗಲ್ಲ."

"ಗೊತ್ತು. ನನಗೆ ಹೇಳಿಕೊಡಿ ಅಂತ ಬಂದೆ."

ಅವರು ನನ್ನ ಕೈ ನೋಡಿದರು. ಪೆನ್ನು ಹಿಡಿದ ಕೈ. "ಸುಡ್ತದೆ," ಎಂದರು.

"ಸುಡಲಿ."

ಐದು ದಿನ ಅಲ್ಲಿದ್ದೆ. ಹಿತ್ತಲಲ್ಲಿ ಮೂರು ಕಲ್ಲಿಟ್ಟು ಮಡಕೆ ಹೂಡಿದರು. ಬೆಳಿಗ್ಗೆಯಿಂದ ಬಿಸಿಲು ಇಳಿಯುವ ತನಕ ನಾನು ಕೈ ಹಾಕುವುದು, ಅವರು ಮಡಕೆ ಪಕ್ಕ ಕೂತು ನನ್ನ ಮುಖ ನೋಡುವುದು. ಡಬ್ಬದ ನೀರನ್ನು ಎಣ್ಣೆಯ ಹಾಗೆ ಅಳೆದು ಅಳೆದು ಹಾಕುತ್ತಿದ್ದೆವು. "ಬಿಸಿ ನೋಡ್ಬೇಡಿ ಸಾ, ಗೂಡು ನೋಡಿ. ಒತ್ತಿ. ಅದು ನಿಮ್ ಬೆರಳಿಗೆ ಎದುರು ಒತ್ತತದಾ? ಅಂಗಾದ್ರೆ ಇನ್ನೂ ಇಲ್ಲ." ಎರಡನೆಯ ದಿನ ಬೆರಳೆಲ್ಲ ಬೊಬ್ಬೆ ಎದ್ದವು. ಅವರ ಅತ್ತಿಗೆ ಲೋಳೆಸರ ಹಚ್ಚಿದರು. ಮೂರನೆಯ ದಿನ ಉರಿ ಇದ್ದ ಹಾಗೇ ಇತ್ತು, ಆದರೆ ಉರಿಯ ಆಚೆ ಏನೋ ಒಂದು ತಿಳಿಯತೊಡಗಿತು. ಗಟ್ಟಿಯಾಗಿದ್ದ ಗೂಡು ಒಂದು ಗಳಿಗೆಯಲ್ಲಿ ಹಟ ಬಿಟ್ಟ ಹಾಗೆ ಮೆತ್ತಗಾಗುತ್ತದೆ. ಅದು ಸಣ್ಣ ಗಳಿಗೆ. ಥರ್ಮಾಮೀಟರಿನಲ್ಲಿ ಕಾಣುವುದಿಲ್ಲ.

"ಈಗ," ಎಂದೆ.

ಅವರು ಬಟ್ಟೆ ಸುತ್ತಿದ ಕೈಯಿಂದಲೇ ಎಳೆ ತೋರಿಸಿ "ಎಳಿ" ಎಂದರು. ಎಳೆದೆ. ಬಂತು. ಬರುತ್ತಲೇ ಇತ್ತು. ಹಿತ್ತಲ ಬೇಲಿಯ ತನಕ ನಡೆದು ಹೋದೆ, ಆಗಲೂ ಹರಿಯಲಿಲ್ಲ.

"ಸಾಕು ಬಾ ತಂಬಿ," ಎಂದು ಕೂಗಿದರು. ಅವರ ಮಾತಿನಲ್ಲಿ ತಮ್ಮನಿಗೆ ತಂಬಿ ಎನ್ನುತ್ತಾರೆ. ಅಲ್ಲಿಂದ ಮುಂದೆ ನಾನು ಅವರಿಗೆ ಸಾ ಆಗಲಿಲ್ಲ.

ಕೊಳ್ಳೇಗಾಲಕ್ಕೆ ಬಂದು ಬೇಸಿಗೆಯ ಅಳತೆ ನನ್ನ ಕೈಯಿಂದಲೇ ಮುಗಿಸಿದೆ. ಆ ಹಾಳೆಗಳ ಮೇಲೆ ಮಾತ್ರ ನನ್ನ ಹೆಸರು. ಮತ್ತೆ ಆಷಾಢದ ಗಾಳಿ ಎದ್ದಾಗ ಟ್ರಂಕು ಬಸ್ಸಿನ ಮೇಲೆ ಹಾಕಿಸಿ ಹೊರಟೆ. ಕಳಿಸಲು ಯಾರೂ ಬಂದಿರಲಿಲ್ಲ, ಬರಬೇಕಾದವರು ಆ ಊರಿನಲ್ಲಿ ಇರಲೂ ಇಲ್ಲ.

ಬೆಂಗಳೂರಿನಲ್ಲಿ ಪ್ರೊಫೆಸರು ನೀರಿನಲ್ಲಿರುವ ಸುಣ್ಣವನ್ನು ಅಳೆಯುವುದನ್ನು ಹೇಳಿಕೊಟ್ಟರು. ಸುಣ್ಣ ಹೆಚ್ಚಿದ್ದ ನೀರಿನಲ್ಲಿ ಗೂಡಿನ ಅಂಟು ತಡವಾಗಿ ಕರಗುತ್ತಿತ್ತು. ಆರೋಗ್ಯಮ್ಮನ ಬೆರಳು ಹೇಳಿದ್ದನ್ನೆಲ್ಲ ಸುಣ್ಣದ ಲೆಕ್ಕ ಒಂದೊಂದಾಗಿ ಒಪ್ಪಿಕೊಂಡಿತು. ಪದವಿ ಬರುವಷ್ಟರಲ್ಲಿ ಕೊಳ್ಳೇಗಾಲವೂ ಮೈಸೂರು ರಾಜ್ಯಕ್ಕೆ ಸೇರಿ, ಅದಕ್ಕೂ ಯಳಂದೂರಿಗೂ ನಡುವೆ ಗಡಿ ಇರಲಿಲ್ಲ. ಪದವಿ ಬಂದ ದಿನ ಹಾಸ್ಟೆಲಿನಲ್ಲಿ ನಾಲ್ಕು ಜನ ಕೈಕುಲುಕಿದರು. ಸಂಜೆಗೆ ಕೋಣೆಯಲ್ಲಿ ಒಬ್ಬನೇ ಕೂತಿದ್ದೆ. ಯಾರಿಗೆ ಹೇಳಬೇಕು ಎಂದು ಯೋಚಿಸಿದರೆ ಒಂದೇ ಹೆಸರು ಬಂತು. ಮಾರನೆಯ ವಾರ ಮಾರ್ಟಳ್ಳಿಗೆ ಹೊರಟೆ.

ಆರೋಗ್ಯಮ್ಮನ ತಲೆ ನರೆತಿತ್ತು. ಗಾಯ ಮಾಯ್ದಿತ್ತು, ಬೆರಳು ಮಾತ್ರ ಬಾಗಿದ್ದವು ಬಾಗಿದ ಹಾಗೇ ನಿಂತುಬಿಟ್ಟಿದ್ದವು. ನನ್ನ ಪ್ರಬಂಧದ ದಪ್ಪ ಪುಸ್ತಕ ತೆರೆದು ಅವರ ಹೆಸರು ತೋರಿಸಿದೆ. ಇಂಗ್ಲಿಷಾದರೇನು, ಕನ್ನಡವಾದರೇನು, ಓದಲು ಬಾರದವರಿಗೆ ಎರಡೂ ಒಂದೇ. ಅದರ ಮೇಲೆ ಮಣಿಕಟ್ಟು ಆಡಿಸಿದರು.

"ಡಾಕ್ಟ್ರು ಆದ್ಯಂತೆ. ಈ ಕೈಗೆ ಏನಾರ ಆಕು ನೋಡುವಾ."

"ನಾನು ಆ ಡಾಕ್ಟ್ರಲ್ಲ ಅಕ್ಕ."

"ಮತ್ತೆ ಏನ್ ಡಾಕ್ಟ್ರು?"

"ನೀರಿನ ಡಾಕ್ಟ್ರು ಅಂತ ಇಟ್ಕೊಳ್ಳಿ."

ಅವರು ನಗಲಿಲ್ಲ. ನಿಜವಾಗಿಯೇ ಕೇಳಿದರು. "ಅಂಗಾದ್ರೆ ಆ ಬಾವಿ ನೀರು ವಾಸಿ ಆಯ್ತಾ ತಂಬಿ?"

ಬರುವ ದಾರಿಯಲ್ಲಿ ಫಿಲೇಚರಿಗೆ ಹೋಗಿ ಬಂದಿದ್ದೆ. ಬಾವಿನೀರಿನ ಸುಣ್ಣ ತೆಗೆಯುವುದು ಹೇಗೆಂದು ನಾನು ಬೆಂಗಳೂರಿನಿಂದ ಬರೆದು ಕಳಿಸಿದ್ದ ವರದಿಯನ್ನು ಅಲ್ಲಿ ಯಾರೂ ನೋಡಿರಲಿಲ್ಲ. ಅದೇ ಬಾವಿಯ ನೀರು, ಅದೇ ಬೇಸಿನ್ನು, ಬಿಸಿಯಲ್ಲಿ ಹೊಸ ಹೆಂಗಸರ ಕೈಗಳು.

"ಇಲ್ಲ ಅಕ್ಕ," ಎಂದೆ.

ಅವರು ಪುಸ್ತಕ ಮುಚ್ಚಿ ನನ್ನ ಕಡೆ ಸರಿಸಿದರು. "ಸರಿ, ಕೂತ್ಕೋ. ಅಸ್ಕಂಡು ಬಂದಿದ್ದೀಯ," ಎಂದು ಒಲೆಯ ಕಡೆ ಹೋಗಿ ಸಾರಿನ ಗಡಿಗೆಗೆ ಸೌಟು ಹಾಕಿದರು. ಸೌಟು ಅವರ ಬೆರಳಿನಲ್ಲಿ ನಿಲ್ಲಲಿಲ್ಲ. ನಾನೇ ಎದ್ದು ಹೋಗಿ ಇಬ್ಬರಿಗೂ ಬಡಿಸಿದೆ.